ಹಳೇ ಪಿಕಪ್‌ಗೆ ಬೇರೆ ಗೇರ್‌ಬಾಕ್ಸ್, ಹೊಂದದ ಪ್ರೊಪೆಲ್ಲರ್ ಶಾಫ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಷಿಗನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ 1970ರ ಷೆವರ್ಲೆ ಸಿ10 ಪಿಕಪ್ ಒಂದಿದೆ, ಗಿಡ್ಡ ತೊಟ್ಟಿಯದು. ಅದರ 3 ಗೇರಿನ ಟಿಎಚ್350 ಇಳಿಸಿ 4 ಗೇರಿನ 700ಆರ್4 ಏರಿಸಿದೆ. ಗೇರ್‌ಬಾಕ್ಸ್ ಕೂರಿಸಲು ಎರಡು ವಾರಾಂತ್ಯ ಸಾಕಾಯಿತು. ಅದನ್ನು ಹಿಂದಿನ ಆಕ್ಸಲ್‌ಗೆ ಜೋಡಿಸಲು ಎರಡು ತಿಂಗಳು ಹಿಡಿಯಿತು. ಆಮೇಲಿನಿಂದ ಇಲ್ಲಿ ಹಳೇ ಗಾಡಿ ಇಟ್ಟುಕೊಂಡಿರುವ ಕನ್ನಡದ ಗೆಳೆಯರು ಫೋನ್ ಮಾಡಿ ಕೇಳುವುದೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಉದ್ದ ಕೊಳವೆ, ಅಂದರೆ ಅಮೆರಿಕದವರು ಡ್ರೈವ್‌ಶಾಫ್ಟ್ ಎನ್ನುವುದನ್ನು ನಮ್ಮೂರ ಲಾರಿ ಗ್ಯಾರೇಜಿನಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎನ್ನುತ್ತಾರೆ. ಇಲ್ಲಿ ಸುಮ್ಮನೆ ಶಾಫ್ಟ್ ಎಂದು ಬರೆಯುತ್ತೇನೆ. ಶಾಫ್ಟಿನ ತುದಿಗಳಲ್ಲಿ, ಬಾಗಿದಾಗಲೂ ತಿರುಗಬಲ್ಲ ಕೀಲಿಗೆ ಯು-ಜಾಯಿಂಟ್ ಎನ್ನುತ್ತಾರೆ. ಅದರ ಒಳಗಿನ ಕೂಡುಗುರುತಿನ (+) ಆಕಾರದ ತುಂಡಿಗೆ ಕ್ರಾಸ್, ಅದರ ನಾಲ್ಕು ತುದಿಯ ಬಟ್ಟಲುಗಳಿಗೆ ಕಪ್. ಯೋಕ್ ಎಂದರೆ ನಮ್ಮ ನೊಗವೇ: ಎರಡು ಕಿವಿ ಚಾಚಿಕೊಂಡು ಕ್ರಾಸನ್ನು ಹಿಡಿದಿರುವ ತುಂಡು.

ಶಾಫ್ಟ್ ಬಿಚ್ಚುವ ಮೊದಲು ಏನು ನೋಡಿಕೊಳ್ಳಬೇಕು?

ಗಾಲಿಗೆ ಮುಂದೂ ಹಿಂದೂ ಅಡ್ಡ ಕೊಡಿ. ಆಟೊಮ್ಯಾಟಿಕ್ ಗಾಡಿಯಲ್ಲಿ ‘ಪಾರ್ಕ್’ ಹಿಡಿಯುವುದು ಗಾಲಿಯನ್ನಲ್ಲ, ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟನ್ನು. ಅದಕ್ಕೂ ಗಾಲಿಗೂ ಇರುವ ಒಂದೇ ಕೊಂಡಿಯನ್ನು ನೀವು ಕಳಚುತ್ತಿದ್ದೀರಿ. ಕಳಚಿದ ಕ್ಷಣ ಪಾರ್ಕ್‌ಗೂ ನ್ಯೂಟ್ರಲ್‌ಗೂ ವ್ಯತ್ಯಾಸ ಇಲ್ಲ, ಇಳಿಜಾರಿನ ಡ್ರೈವ್‌ವೇ ಆದರೆ ಗಾಡಿ ನಿಮ್ಮ ಮೇಲೆಯೇ ಹೊರಡುತ್ತದೆ. ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ, ಐವತ್ತು ವರ್ಷದ ಕೇಬಲ್ ಅದು.

ಎರಡನೆಯದು ಎಣ್ಣೆ. ಗೇರ್‌ಬಾಕ್ಸಿನ ಬಾಲದೊಳಗೆ ತೂರಿ ಹಿಂದೆ ಮುಂದೆ ಜಾರುವ ಯೋಕನ್ನು ಹಿಂದಕ್ಕೆ ಎಳೆದ ಕೂಡಲೇ ಗೇರ್‌ಬಾಕ್ಸಿನ ಬಾಲದಿಂದ ಕೆಂಪು ಎಣ್ಣೆ ಸುರಿಯುತ್ತದೆ. ಬ್ರೆಡ್ಡಿನ ಪ್ಲಾಸ್ಟಿಕ್ ಕವರ್ ಒಂದನ್ನು ಬಾಲಕ್ಕೆ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿಬಿಡಿ.

ಗೇರ್‌ಬಾಕ್ಸ್ ತಾನೇ ಬದಲಾಗಿದ್ದು, ಶಾಫ್ಟಿಗೆ ಯಾಕೆ ಕೈ ಹಾಕಬೇಕು?

ಗೇರ್‌ಬಾಕ್ಸಿನ ಉದ್ದ ಬೇರೆ, ಔಟ್‌ಪುಟ್ ಶಾಫ್ಟಿನ ಹಲ್ಲು ಬೇರೆ ಇರಬಹುದು, ಅದರ ಜೊತೆ ಬಂದ ಯೋಕಿನ ಜಾಯಿಂಟಿನ ಅಳತೆ ಬೇರೆ, ಕೂತ ಕೋನವೂ ಬೇರೆ.

ನನ್ನದನ್ನೇ ಹೇಳುತ್ತೇನೆ. ಗಿಡ್ಡ ಬಾಲದ ಟಿಎಚ್350ರ ಉದ್ದ 27.6 ಇಂಚಿನಷ್ಟು, 700ಆರ್4ರದು 30.75 ಇಂಚು. ಅಂದರೆ ಶಾಫ್ಟ್ ಸುಮಾರು 3 ಇಂಚು ಗಿಡ್ಡವಾಗಬೇಕು. ಇದನ್ನು ಓದಿ ಎಲ್ಲರೂ 3 ಇಂಚು ಕತ್ತರಿಸಿಬಿಡಬೇಡಿ. ಟಿಎಚ್350 ಮೂರು ಉದ್ದದ ಬಾಲಗಳಲ್ಲಿ ಬಂದಿದೆ: 6, 9 ಮತ್ತು 12 ಇಂಚು. ನಿಮ್ಮಲ್ಲಿದ್ದದ್ದು 9 ಇಂಚಿನದಾದರೆ ಅದರ ಒಟ್ಟು ಉದ್ದ 700ಆರ್4ಗೆ ಹತ್ತಿರ ಹತ್ತಿರ ಸಮ, ಹಳೇ ಶಾಫ್ಟೇ ಹೊಂದಿದರೂ ಹೊಂದೀತು. ಒಂದೇ ಹೆಸರಿನ ಗೇರ್‌ಬಾಕ್ಸಿನಲ್ಲೇ ಇಷ್ಟು ಭೇದವಿರುವಾಗ ಪಕ್ಕದ ಮನೆಯವನ ಟ್ರಕ್ಕಿನ ಅಳತೆಯಿಂದ ನಿಮಗೇನೂ ಲಾಭವಿಲ್ಲ.

ಹಳೆಯ ಯೋಕ್ ಹೊಸ ಗೇರ್‌ಬಾಕ್ಸಿನೊಳಗೆ ಹೋಗುತ್ತದೆಯೇ?

ಹಲ್ಲು ಎಣಿಸಿ. ಜನರಲ್ ಮೋಟರ್ಸ್ ಕಡೆ ಪವರ್‌ಗ್ಲೈಡ್, ಟಿಎಚ್350, 700ಆರ್4, 4ಎಲ್60ಇ ಎಲ್ಲಕ್ಕೂ 27 ಹಲ್ಲು, ಹಾಗಾಗಿ ಇವುಗಳ ನಡುವೆ ಯೋಕ್ ಸಾಮಾನ್ಯವಾಗಿ ಅದಲುಬದಲು ಆಗುತ್ತದೆ. ಟಿಎಚ್400 ಮತ್ತು 4ಎಲ್80ಇ ಭಾರದ ಕೆಲಸದವು, ಅವಕ್ಕೆ 32. ಫೋರ್ಡ್ ಕಡೆ ಸಿ4 ಮತ್ತು ಎಒಡಿಗೆ 28, ಸಿ6ಗೆ 31.

ಹಲ್ಲು ಹೊಂದಿದರೆ ಸಾಲದು. ಯೋಕಿನ ಕೊಳವೆಯ ಹೊರಮೈ ನೋಡಿ. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲ್ ಹಾಕಿಯೂ ಎಣ್ಣೆ ತೊಟ್ಟಿಕ್ಕುತ್ತಲೇ ಇರುತ್ತದೆ. 27 ಹಲ್ಲಿನ ಯೋಕಿನ ಹೊರವ್ಯಾಸ 1.5 ಇಂಚು, 32ರದ್ದು 1.885. ಸಂತೆಯಲ್ಲಿ ಕೊಳ್ಳುವಾಗ ಹಲ್ಲು ಎಣಿಸಲು ಕತ್ತಲಾದರೆ ಈ ಒಂದು ಅಳತೆಯಿಂದಲೇ ಯಾವುದೆಂದು ಹೇಳಬಹುದು.

ಹಳೆಯ 4 ಗೇರಿನ ಟ್ರಕ್ ಗೇರ್‌ಬಾಕ್ಸುಗಳ ಕಥೆ ಬೇರೆ. ಅಲ್ಲಿ ಯೋಕ್ ಜಾರುವುದಿಲ್ಲ, ಬಿಗಿದು ಕೂರಿಸಿರುತ್ತಾರೆ. ಆಕ್ಸಲ್ ಮೇಲೆ ಕೆಳಗೆ ಆಡುವಾಗ ಆಗುವ ಉದ್ದದ ಏರುಪೇರನ್ನು ಶಾಫ್ಟಿನಲ್ಲೇ ಇರುವ ಜಾರುಹಲ್ಲು ನುಂಗಿಕೊಳ್ಳುತ್ತದೆ. ಅಂಥ ಗೇರ್‌ಬಾಕ್ಸ್ ತೆಗೆದು ಜಾರುವ ಯೋಕಿನದನ್ನು ಹಾಕಿದರೆ, ಒಂದೇ ತುಂಡಿನ ಶಾಫ್ಟಿನಲ್ಲಿ ಎರಡು ಕಡೆ ಜಾರುವಂತಾಗುತ್ತದೆ. ಹಾಗೆ ಬಿಡಬಾರದು. ಒಂದೇ ತುಂಡಿನ ಶಾಫ್ಟಿಗೆ ಜಾರುವ ಜಾಗ ಒಂದೇ ಇರಬೇಕು.

1310, 1330, 3ಆರ್ ಅಂತೆಲ್ಲ ಹೇಳುತ್ತಾರಲ್ಲ, ಏನವು?

ಜಾಯಿಂಟಿನ ಸೈಜಿನ ಹೆಸರುಗಳು. 1310 ಸಾಲಿನವು ಸ್ಪೈಸರ್ ಕಂಪನಿಯವು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ಲಾರೆನ್ಸ್ ಸ್ಪೈಸರ್ ತನ್ನ ಜಾಯಿಂಟಿಗೆ 1903ರಲ್ಲಿ ಪೇಟೆಂಟ್ ಪಡೆದು, ಮರುವರ್ಷ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡಿನಲ್ಲಿ ತಯಾರಿಕೆ ಶುರು ಮಾಡಿದ. ಆಗ ಬಹಳಷ್ಟು ಕಾರುಗಳು ಸೈಕಲ್ಲಿನಂತೆ ಚೈನಿನಿಂದ ಓಡುತ್ತಿದ್ದವು. ಆ ಕಂಪನಿಯೇ 1946ರಲ್ಲಿ ಡಾನಾ ಎಂದು ಹೆಸರು ಬದಲಿಸಿಕೊಂಡಿತು.

ಹೆಸರಿಗಿಂತ ಅಳತೆ ಮುಖ್ಯ. ಎರಡು ಅಳತೆ ಬೇಕು: ಕಪ್ಪಿನ ವ್ಯಾಸ, ಮತ್ತು ಎದುರುಬದುರು ಕಪ್ಪುಗಳ ಹೊರತುದಿಯಿಂದ ಹೊರತುದಿಗೆ ಇರುವ ಅಗಲ.

1310: ಕಪ್ 1.062 ಇಂಚು, ಅಗಲ 3.219.
1330: ಕಪ್ 1.062, ಅಗಲ 3.625.
1350: ಕಪ್ 1.188, ಅಗಲ 3.625.

ಗಮನಿಸಿ, 1310 ಮತ್ತು 1330ರ ಕಪ್ ಒಂದೇ, ಅಗಲ ಬೇರೆ. 1330 ಮತ್ತು 1350ರ ಅಗಲ ಒಂದೇ, ಕಪ್ ಬೇರೆ. ಒಂದೇ ಅಳತೆ ತೆಗೆದುಕೊಂಡು ಅಂಗಡಿಗೆ ಹೋದವನು ತಪ್ಪು ಕ್ರಾಸ್ ತರುವುದು ಹೀಗೆ.

3ಆರ್ ಎನ್ನುವುದು ಜನರಲ್ ಮೋಟರ್ಸ್‌ನ ಗಾಡಿಗಳಲ್ಲಿ ಸಿಗುವ ಬಗೆ. ಕಪ್ 1.125 ಇಂಚು. ಸ್ಪೈಸರ್‌ನವಕ್ಕೆ ಸರ್ಕ್ಲಿಪ್ (ಕಪ್ ಹೊರಬರದಂತೆ ತಡೆಯುವ ಬಳೆ) ಕಿವಿಯ ಹೊರಗಡೆ ಕೂತರೆ, ಇದರ ಕ್ಲಿಪ್ ಕಿವಿಯ ಒಳಮೈಗೆ ಕೂರುತ್ತದೆ. ಕಾರ್ಖಾನೆಯಿಂದ ಬಂದ ಜಾಯಿಂಟಿಗೆ ಎಷ್ಟೋ ಸಲ ಕ್ಲಿಪ್ಪೇ ಇರುವುದಿಲ್ಲ, ಸಣ್ಣ ತೂತಿನಿಂದ ಕರಗಿದ ಪ್ಲಾಸ್ಟಿಕ್ ತುಂಬಿ ಬೀಗ ಹಾಕಿರುತ್ತಾರೆ. ಅದನ್ನು ಬಡಿದು ಬಿಚ್ಚಲು ಹೋಗಬೇಡಿ. ಟಾರ್ಚಿನಿಂದ ಕಿವಿ ಕಾಯಿಸಿ. ಪ್ಲಾಸ್ಟಿಕ್ ಎಳೆಎಳೆಯಾಗಿ ಶ್ಯಾವಿಗೆಯಂತೆ ಹೊರಗೆ ಬರುತ್ತದೆ, ಆಮೇಲೆ ಕಪ್ ತಾನಾಗಿ ಸಡಿಲವಾಗುತ್ತದೆ. ವಾಸನೆ ಕೆಟ್ಟದ್ದು, ಗ್ಯಾರೇಜ್ ಬಾಗಿಲು ತೆಗೆದಿರಲಿ.

ಕ್ರೈಸ್ಲರ್ ಕಡೆಯ 7260 ಮತ್ತು 7290ರ ಕಪ್ 1.078 ಇಂಚು. 1.062ಕ್ಕೂ ಇದಕ್ಕೂ ವ್ಯತ್ಯಾಸ 0.4 ಮಿಲಿಮೀಟರ್. ಟೇಪಿನಲ್ಲಿ ಇದು ಕಾಣುವುದೇ ಇಲ್ಲ. ವರ್ನಿಯರ್ ಅಥವಾ ಡಿಜಿಟಲ್ ಕ್ಯಾಲಿಪರ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಗೇರ್‌ಬಾಕ್ಸಿನ ಯೋಕ್ ಒಂದು ಸೈಜ್, ಶಾಫ್ಟ್ ಇನ್ನೊಂದು ಸೈಜ್. ಎರಡನ್ನೂ ಕೂಡಿಸುವ ಕ್ರಾಸ್ ಸಿಗುತ್ತದಂತೆ. ನಂಬಬಹುದೇ?

ನಂಬಬಹುದು. ನನ್ನ ಗಾಡಿಯಲ್ಲಿ ಇರುವುದೂ ಅದೇ. ನನ್ನ 700ಆರ್4ರ ಜೊತೆ ಬಂದ ಯೋಕ್ 3ಆರ್, ಶಾಫ್ಟ್ 1310. ಇದಕ್ಕೆ ಕಾಂಬಿನೇಷನ್ ಜಾಯಿಂಟ್ ಅಥವಾ ಕನ್ವರ್ಷನ್ ಜಾಯಿಂಟ್ ಎನ್ನುತ್ತಾರೆ. ಕ್ರಾಸಿನ ನಾಲ್ಕು ಕೈಗಳಲ್ಲಿ ಎದುರುಬದುರಿನ ಎರಡು ಒಂದು ಅಳತೆ, ಇನ್ನೆರಡು ಮತ್ತೊಂದು ಅಳತೆ. 1310ನ್ನು 1330ಕ್ಕೆ ಕೂಡಿಸುವ ಸ್ಪೈಸರ್ 5-134ಎಕ್ಸ್ ಅಂತೂ ಬಹಳ ಕಾಲದಿಂದ ಮಾರಾಟದಲ್ಲಿದೆ. ಇದೇನೂ ಜುಗಾಡ್ ಅಲ್ಲ, ಸರಿಯಾದ ಕಾರ್ಖಾನೆಯ ಮಾಲೇ.

ಎರಡು ಮಾತು ನೆನಪಿಡಿ. ಇಂಥ ಜಾಯಿಂಟಿನ ಬಲ ಅದರ ಚಿಕ್ಕ ಭಾಗದಷ್ಟೇ. 1350ಕ್ಕೆ ಕೂಡಿಸಿದ ಮಾತ್ರಕ್ಕೆ 1310 ಬಲಿಯುವುದಿಲ್ಲ. ಎರಡನೆಯದು, ಹೊಸ ಗೇರ್‌ಬಾಕ್ಸಿನಿಂದ ಶಾಫ್ಟಿನ ಮೇಲೆ ಬೀಳುವ ತಿರುಚುಬಲ ಹೆಚ್ಚಾಗಿರುತ್ತದೆ. ಟಿಎಚ್350ರ ಮೊದಲ ಗೇರಿನ ಅನುಪಾತ 2.52, 700ಆರ್4ರದು 3.06. ಎಂಜಿನ್ ಅದೇ, ಆದರೆ ಮೊದಲ ಗೇರಿನಲ್ಲಿ ಶಾಫ್ಟಿಗೆ ಬರುವ ಬಲ ಶೇ 21ರಷ್ಟು ಜಾಸ್ತಿ. ಭಾನುವಾರ ಸುತ್ತಾಡುವ ಗಾಡಿಗೆ ಇದು ಲೆಕ್ಕಕ್ಕಿಲ್ಲ. ಹಿಂದೆ ಟ್ರೇಲರ್ ಕಟ್ಟುವವರು, ದೊಡ್ಡ ಎಂಜಿನ್ ಹಾಕಿದವರು ಎರಡೂ ತುದಿ 1350 ಮಾಡಿಸಿಕೊಳ್ಳುವುದು ಮೇಲು.

ಕಪ್ ಕೂರುತ್ತೆ, ಪಕ್ಕದಲ್ಲಿ ಸ್ವಲ್ಪ ಜಾಗ ಉಳಿಯುತ್ತೆ. ಶಿಮ್ (ತೆಳು ತಗಡು) ಹಾಕಿ ಬಿಗಿದರೆ?

ಬೇಡ. ನೀವು 1310 ಕ್ರಾಸನ್ನು 1330 ಪಿನಿಯನ್ ಯೋಕಿಗೆ ಕೂರಿಸುತ್ತಿದ್ದೀರಿ, ಅಷ್ಟೇ. (ಪಿನಿಯನ್ ಎಂದರೆ ಹಿಂದಿನ ಆಕ್ಸಲ್ಲಿನ ಡಿಫರೆನ್ಷಿಯಲ್ಲಿಂದ ಮುಂದಕ್ಕೆ ಚಾಚಿರುವ ಗೇರಿನ ದಂಡ.) ಕಪ್ಪಿನ ವ್ಯಾಸ ಒಂದೇ ಆದ್ದರಿಂದ ಯು-ಬೋಲ್ಟ್ ಚೆನ್ನಾಗಿಯೇ ಬಿಗಿಯುತ್ತದೆ, ಅದೇ ಮೋಸ. ಆದರೆ ಎರಡೂ ಬದಿ ಸೇರಿ 10 ಮಿಲಿಮೀಟರ್ ಖಾಲಿ. ಶಾಫ್ಟಿನ ತುದಿ ನಡುಮಧ್ಯದಿಂದ 5 ಮಿಲಿಮೀಟರ್ ಆಚೆ ಸರಿದು ಕೂತರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ನಡುಕ ಹೋಗುವುದಿಲ್ಲ, ಕೊನೆಗೆ ಕಪ್ ಒಂದು ದಿನ ಹಾರಿಹೋಗುತ್ತದೆ.

ಶಾಫ್ಟಿನ ಉದ್ದ ಅಳೆಯುವುದು ಹೇಗೆ?

ಕೊನೆಯಲ್ಲಿ ಅಳೆಯಿರಿ. ಗೇರ್‌ಬಾಕ್ಸ್ ತನ್ನ ಮೌಂಟಿನ ಮೇಲೆ ಕೂತು, ಕ್ರಾಸ್‌ಮೆಂಬರ್ (ಅದನ್ನು ಹೊರುವ ಅಡ್ಡಪಟ್ಟಿ) ಬಿಗಿದು, ಸಸ್ಪೆನ್ಷನ್ ತಗ್ಗಿಸುವುದಿದ್ದರೆ ತಗ್ಗಿಸಿ, ಓಡಿಸುವ ಟೈರೇ ಹಾಕಿ, ಪೆಟ್ರೋಲ್ ಟ್ಯಾಂಕ್ ಅರ್ಧವಾದರೂ ತುಂಬಿರುವಾಗ. ಗಾಡಿಯ ಭಾರ ಗಾಲಿಗಳ ಮೇಲೆ ಇರಬೇಕು. ಫ್ರೇಮಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ನೇತಾಡುತ್ತಿರುವಾಗ ತೆಗೆದ ಅಳತೆ ಗಾಡಿ ರಸ್ತೆಯಲ್ಲಿ ನಿಂತಾಗಿನ ಅಳತೆ ಅಲ್ಲ. ಕೆಳಗೆ ನುಸುಳಲು ಜಾಗ ಬೇಕಾದರೆ ನಾಲ್ಕೂ ಗಾಲಿಯನ್ನು ರ‍್ಯಾಂಪಿನ ಮೇಲೆ ಹತ್ತಿಸಿ, ಇಲ್ಲವೇ ಹಿಂದಿನ ಸ್ಟ್ಯಾಂಡನ್ನು ಆಕ್ಸಲ್ಲಿನ ಕೆಳಗೇ ಕೊಡಿ.

ಈಗ ಬರೀ ಯೋಕನ್ನು ಗೇರ್‌ಬಾಕ್ಸಿನೊಳಗೆ ತಡೆಯುವವರೆಗೂ ತಳ್ಳಿ. ಅಲ್ಲಿಂದ ಮುಕ್ಕಾಲು ಇಂಚಿನಿಂದ ಒಂದು ಇಂಚು ಹಿಂದಕ್ಕೆ ಎಳೆದು ಟೇಪ್ ಅಂಟಿಸಿ ನಿಲ್ಲಿಸಿ. ಯೋಕಿನ ಕಿವಿಯ ತೂತಿನ ನಡುಬಿಂದುವಿನಿಂದ ಪಿನಿಯನ್ ಯೋಕಿನಲ್ಲಿ ಕಪ್ ಕೂರುವ ಜಾಗದ ನಡುಬಿಂದುವಿಗೆ ಅಳೆಯಿರಿ. ಮೂರು ಸಲ. ಆ ಒಂದು ಇಂಚಿನ ಬಿಡುವು ಬಿಡದೇ ಹೋದರೆ, ಹಿಂದಿನ ಗಾಲಿ ಗುಂಡಿಗೆ ಇಳಿದು ಎದ್ದಾಗಲೆಲ್ಲ ಯೋಕ್ ಹೋಗಿ ಗೇರ್‌ಬಾಕ್ಸಿನ ಹೊಟ್ಟೆಗೆ ಗುದ್ದುತ್ತದೆ. ಹೆಚ್ಚು ಎಳೆದುಬಿಟ್ಟರೆ ಹಲ್ಲಿಗೆ ಹಲ್ಲಿನ ಹಿಡಿತ ಕಡಿಮೆಯಾಗಿ ಯೋಕ್ ಅಲ್ಲಾಡುತ್ತದೆ.

ನಾನು ಮಾಡಿದ ತಪ್ಪು ಇನ್ನೂ ಸಸಾರದ್ದು. ಗೇರ್‌ಬಾಕ್ಸಿನ ಸೀಲಿನಿಂದ ಪಿನಿಯನ್‌ವರೆಗೆ ಅಳೆದು, ಶಾಫ್ಟ್ ಅಂಗಡಿಗೆ ಫೋನಿನಲ್ಲಿ ಒಂದು ಸಂಖ್ಯೆ ಹೇಳಿದೆ. ಎಲ್ಲಿಂದ ಎಲ್ಲಿಗೆ ಅಂತ ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ಅವರ ಲೋಕದಲ್ಲಿ ಅಳತೆ ಎಂದರೆ ಜಾಯಿಂಟಿನ ನಡುವಿನಿಂದ ಜಾಯಿಂಟಿನ ನಡುವಿಗೆ. ಸೀಲಿನಿಂದ ಆಚೆ ಚಾಚಿಕೊಂಡಿರುವ ಯೋಕಿನ ಉದ್ದವಷ್ಟೂ ಶಾಫ್ಟಿಗೆ ಸೇರಿ ಬಂತು. ಹೊಳೆಯುವ ಕಪ್ಪು ಬಣ್ಣದ ಶಾಫ್ಟನ್ನು ಎದೆಯ ಮೇಲೆ ಇಟ್ಟುಕೊಂಡು, ಮಲಗಿದಲ್ಲೇ ಅರ್ಧ ಗಂಟೆ ಹಿಂದೆ ಮುಂದೆ ಆಡಿಸಿದೆ. ಅದು ಹೋಗುವ ಹಾಗೇ ಇರಲಿಲ್ಲ. ಮತ್ತೆ ಕತ್ತರಿಸಿ, ಮತ್ತೆ ಬ್ಯಾಲೆನ್ಸ್, ಮತ್ತೆ ದುಡ್ಡು. ಈಗ ಕಾಗದದಲ್ಲಿ ಚಿತ್ರ ಬರೆದು, ಬಾಣ ಹಾಕಿ, ಹಲ್ಲಿನ ಸಂಖ್ಯೆಯನ್ನೂ ಎರಡೂ ತುದಿಯ ಜಾಯಿಂಟಿನ ಸೈಜನ್ನೂ ಬರೆದುಕೊಡುತ್ತೇನೆ.

ನನಗೆ ವೆಲ್ಡಿಂಗ್ ಬರುತ್ತದೆ. ನಾನೇ ಕತ್ತರಿಸಿ ಬೆಸೆಯಬಹುದೇ?

ಬೆಸೆಯುವುದು ಕಷ್ಟವಲ್ಲ, ನೇರವಾಗಿ ಬೆಸೆಯುವುದು ಕಷ್ಟ. ಶಾಫ್ಟ್ ಅಂಗಡಿಯವರು ಲೇತಿನಲ್ಲಿ ಹಿಡಿದು, ಡಯಲ್ ಗೇಜ್ ಇಟ್ಟು, ಸೊಟ್ಟ ನೋಡುತ್ತಾ ಬೆಸೆಯುತ್ತಾರೆ. ಆಮೇಲೆ ತಿರುಗಿಸಿ ಸಣ್ಣ ತಗಡಿನ ತುಂಡು ಅಂಟಿಸಿ ಬ್ಯಾಲೆನ್ಸ್ ಮಾಡುತ್ತಾರೆ. ಈ ಇಡೀ ಕೆಲಸದಲ್ಲಿ ಹೊರಗೆ ಕೊಟ್ಟು ಮಾಡಿಸಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದೊಂದನ್ನೇ.

ಫೇಸಿಂಗ್ ಎಂದರೇನು?

ಶಾಫ್ಟಿನ ಎರಡೂ ತುದಿಯ ಕಿವಿಗಳು ಒಂದೇ ಸಮತಲದಲ್ಲಿರುವುದು. ಶಾಫ್ಟನ್ನು ನೆಲದ ಮೇಲೆ ಇಟ್ಟು ಒಂದು ತುದಿಯ ಕಿವಿಗಳು ಮಟ್ಟವಾಗಿ ಮಲಗಿದ್ದರೆ, ಇನ್ನೊಂದು ತುದಿಯವೂ ಹಾಗೇ ಮಲಗಿರಬೇಕು.

ಯಾಕೆಂದರೆ ಇಂಥ ಜಾಯಿಂಟ್ ಬಾಗಿದ ಸ್ಥಿತಿಯಲ್ಲಿ ತಿರುಗುವಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಮುನ್ನುಗ್ಗಿ ಎರಡು ಸಲ ಹಿಂಜರಿಯುತ್ತದೆ. 17ನೇ ಶತಮಾನದಲ್ಲಿ ಇದರ ಬೆನ್ನು ಹತ್ತಿದವನು ರಾಬರ್ಟ್ ಹುಕ್, ಹಾಗಾಗಿ ಇದಕ್ಕೆ ಹುಕ್ ಜಾಯಿಂಟ್ ಎಂಬ ಹೆಸರೂ ಇದೆ. 3 ಡಿಗ್ರಿ ಬಾಗಿದ್ದರೆ ಈ ಏರಿಳಿತ ಶೇ 0.14ರಷ್ಟು, 10 ಡಿಗ್ರಿಗೆ ಶೇ 1.5. ಹಿಂದಿನ ಜಾಯಿಂಟ್ ಮುಂದಿನದಕ್ಕೆ ತದ್ವಿರುದ್ಧವಾಗಿ ತುಯ್ದರೆ ಎರಡೂ ಸೇರಿ ಸೊನ್ನೆ. ಕಿವಿಗಳು ಒಂದೇ ಸಾಲಿನಲ್ಲಿದ್ದು ಎರಡೂ ಕಡೆಯ ಕೋನ ಸಮವಾಗಿದ್ದರೆ ಮಾತ್ರ ಹಾಗಾಗುತ್ತದೆ.

ಅರಸೀಕೆರೆಯಲ್ಲಿ ನಮ್ಮ ಸೋದರಮಾವನಿಗೆ ಕೊಬ್ಬರಿ ಸಾಗಿಸುವ ಲಾರಿ ಇತ್ತು. ಅದರ ಶಾಫ್ಟ್ ಬಿಚ್ಚುವ ಮೊದಲು ಮೇಸ್ತ್ರಿ ಜಾರುಹಲ್ಲಿನ ಎರಡೂ ಬದಿಗೆ ಉಳಿಯಿಂದ ಒಂದೊಂದು ಗೆರೆ ಹೊಡೆಯುತ್ತಿದ್ದರು. “ಗೆರೆ ಹೊಡೀದೆ ಬಿಚ್ಬೇಡ ಕಣೋ, ಆಮೇಲೆ ಲಾರಿ ಕುಣಿಯುತ್ತೆ” ಎನ್ನುತ್ತಿದ್ದರು. ಕುಣಿತದ ಕಾರಣ ನನಗೆ ತಿಳಿದದ್ದು ಮೂವತ್ತು ವರ್ಷದ ಮೇಲೆ, ಇಲ್ಲಿ ಸಿಮೆಂಟು ನೆಲದ ಮೇಲೆ ಮಲಗಿ. ಎರಡು ತುಂಡಿನ ಶಾಫ್ಟ್ ಇದ್ದವರು ಬಿಚ್ಚುವ ಮೊದಲು ಪೇಂಟ್ ಮಾರ್ಕರಿನಿಂದ ಗೆರೆ ಎಳೆಯಿರಿ. ಒಂದು ಹಲ್ಲು ಅತ್ತಿತ್ತ ಆದರೂ ಗೊತ್ತಾಗುತ್ತದೆ.

ಕೋನ ಎಷ್ಟಿರಬೇಕು? ಅಳೆಯುವುದು ಹೇಗೆ?

ಅಂಗೈಯಷ್ಟು ದೊಡ್ಡ, ಆಯಸ್ಕಾಂತ ಇರುವ ಡಿಜಿಟಲ್ ಆಂಗಲ್ ಗೇಜ್ ತನ್ನಿ. ಮೂರು ಕಡೆ ಇಟ್ಟು ನೋಡಿ: ಗೇರ್‌ಬಾಕ್ಸ್, ಶಾಫ್ಟಿನ ಕೊಳವೆ, ಪಿನಿಯನ್. ಮುಖ್ಯವಾದದ್ದು ನೆಲಕ್ಕೆ ಇರುವ ಕೋನವಲ್ಲ, ಎರಡರ ನಡುವಿನ ವ್ಯತ್ಯಾಸ.

ಉದಾಹರಣೆಗೆ, ಗೇರ್‌ಬಾಕ್ಸ್ ಹಿಂದಕ್ಕೆ 3 ಡಿಗ್ರಿ ಇಳಿಜಾರಾಗಿದೆ, ಶಾಫ್ಟ್ 5 ಡಿಗ್ರಿ ಇಳಿಜಾರಾಗಿದೆ ಎಂದಿಟ್ಟುಕೊಳ್ಳಿ. ಮುಂದಿನ ಜಾಯಿಂಟಿನ ಕೆಲಸದ ಕೋನ 2 ಡಿಗ್ರಿ. ಪಿನಿಯನ್ನಿನ ಮೂಗು 3 ಡಿಗ್ರಿ ಮೇಲಕ್ಕೆ ನೋಡುತ್ತಿದ್ದರೆ ಅದು ಗೇರ್‌ಬಾಕ್ಸಿಗೆ ಸಮಾನಾಂತರ, ಹಿಂದಿನ ಜಾಯಿಂಟಿಗೂ 2 ಡಿಗ್ರಿ. ಇದಕ್ಕಿಂತ ಚಂದ ಇನ್ನಿಲ್ಲ. ಒಂದೊಂದು ಕೋನ 3 ಡಿಗ್ರಿ ಮೀರದಿರಲಿ, ಎರಡರ ವ್ಯತ್ಯಾಸ 1 ಡಿಗ್ರಿಯೊಳಗಿರಲಿ. ಹಾಗೆಂದು ಸೊನ್ನೆ ಮಾಡಲು ಹೋಗಬೇಡಿ. ಅರ್ಧ ಡಿಗ್ರಿಯಾದರೂ ಬಾಗದಿದ್ದರೆ ಕಪ್ಪಿನೊಳಗೆ ಬೇರಿಂಗಿನಂತೆ ಕೂತ ಸೂಜಿಗಳು ಉರುಳುವುದೇ ಇಲ್ಲ, ನಿಂತ ಜಾಗದಲ್ಲೇ ಕ್ರಾಸಿಗೆ ಗೆರೆ ಕೊರೆಯುತ್ತವೆ.

1960ರಿಂದ 72ರವರೆಗಿನ ಷೆವರ್ಲೆ ಸಿ10ಗಳ ಹಿಂಭಾಗಕ್ಕೆ ಸಾಮಾನ್ಯವಾಗಿ ಕಾಯಿಲ್ ಸ್ಪ್ರಿಂಗ್ ಮತ್ತು ಉದ್ದನೆಯ ಟ್ರೇಲಿಂಗ್ ಆರ್ಮ್ (ಆಕ್ಸಲ್ಲನ್ನು ಫ್ರೇಮಿಗೆ ಹಿಡಿಯುವ ತೋಳು). ಗಾಡಿ ತಗ್ಗಿಸಿದಾಗ ಆರ್ಮಿನ ಜೊತೆ ಪಿನಿಯನ್ನಿನ ಮೂಗೂ ತಿರುಗುತ್ತದೆ. ಆಕ್ಸಲ್ಲಿಗೂ ಆರ್ಮಿಗೂ ನಡುವೆ ಬೆಣೆಯಾಕಾರದ ಶಿಮ್ ಹಾಕಿ ಸರಿಮಾಡಬಹುದು. ಗೇರ್‌ಬಾಕ್ಸ್ ಕಡೆಯಿಂದ ಸರಿಮಾಡಲು ಮೌಂಟಿನ ಕೆಳಗೆ ತಗಡು. ಒಂದು ತಗಡು ಹಾಕುವುದು, ಗೇಜ್ ನೋಡುವುದು, ಮತ್ತೆ ಬಿಚ್ಚುವುದು. ನನಗೆ ಇದೇ ಒಂದು ಇಡೀ ಶನಿವಾರ ತಿಂದಿತು.

ಕ್ರಾಸ್ ಹಾಕುವಾಗ ಕಪ್ ಪೂರ್ತಿ ಒಳಗೆ ಹೋಗುತ್ತಿಲ್ಲ. ಇನ್ನೂ ಜೋರಾಗಿ ಬಡಿಯಲೇ?

ಸುತ್ತಿಗೆ ಕೆಳಗಿಡಿ. ಸರ್ಕ್ಲಿಪ್ಪಿನ ಕಾಲುವೆ ಕೂದಲೆಳೆಯಷ್ಟೇ ಕಾಣಿಸಿ ಅಲ್ಲಿಗೇ ನಿಂತಿದ್ದರೆ, ನೂರಕ್ಕೆ ತೊಂಬತ್ತು ಸಲ ಒಂದು ಸೂಜಿ ಬಿದ್ದಿರುತ್ತದೆ. ಕಪ್ಪಿನ ಒಳಗೋಡೆಗೆ ಒತ್ತಾಗಿ ನಿಂತ ಸೂಜಿಗಳಲ್ಲಿ ಒಂದು ಜಾರಿ ತಳದಲ್ಲಿ ಅಡ್ಡ ಮಲಗಿದೆ. ಬಡಿದರೆ ಕಪ್ಪಿನ ತಳ ಸೀಳುತ್ತದೆ, ಇಲ್ಲವೇ ಯೋಕಿನ ಕಿವಿ ಬಾಗುತ್ತದೆ. ಕಿವಿ ಬಾಗಿದರೆ ಶಾಫ್ಟೇ ಹೋದ ಹಾಗೆ.

ಕಪ್ ಹೊರಗೆ ತೆಗೆಯಿರಿ. ಬೆರಳಿನಿಂದ ಗ್ರೀಸ್ ಒಳಗೋಡೆಗೆ ದಪ್ಪಗೆ ಬಳಿದು ಸೂಜಿಗಳನ್ನು ಒಂದೊಂದಾಗಿ ನಿಲ್ಲಿಸಿ, ಗ್ರೀಸೇ ಅವನ್ನು ಹಿಡಿದುಕೊಳ್ಳುತ್ತದೆ. ಸುತ್ತಿಗೆಯ ಬದಲು ವೈಸಿನ ದವಡೆಗಳ ನಡುವೆ ಇಟ್ಟು ಒತ್ತಿ. ಕಪ್ ಅರ್ಧ ಒಳಬರುತ್ತಿದ್ದಂತೆ ಕ್ರಾಸಿನ ಕೈಯನ್ನು ಅದರೊಳಗೆ ತೂರಿಸಿ, ಹಾಗೇ ಹಿಡಿದುಕೊಂಡು ಅಲ್ಲಾಡಿಸುತ್ತಾ ಒತ್ತಿ. ಸೂಜಿಗಳಿಗೆ ಆಸರೆ ಸಿಕ್ಕಿ ಬೀಳುವುದಿಲ್ಲ. ಸರ್ಕ್ಲಿಪ್ ‘ಟಿಕ್’ ಎಂದು ಕೂತ ಮೇಲೆ ಕ್ರಾಸ್ ಕೈಯಲ್ಲಿ ತಿರುಗಿಸಿದಾಗ ಬಿಗಿ ಅನ್ನಿಸಿದರೆ ಯೋಕಿನ ಕಿವಿಗೆ ಹಿತ್ತಾಳೆ ಸುತ್ತಿಗೆಯಿಂದ ಒಂದೇಟು ಮೆಲ್ಲಗೆ. ಕಪ್ ಹಿಂದೆ ಸರಿದು ಕ್ಲಿಪ್ಪಿಗೆ ಒರಗಿಕೊಳ್ಳುತ್ತದೆ, ಬಿಗಿ ಹೋಗುತ್ತದೆ.

ಪಿನಿಯನ್ ಯೋಕನ್ನೇ ಬದಲಿಸಿ ಎರಡೂ ಕಡೆ ಒಂದೇ ಸೈಜ್ ಮಾಡಬಹುದಲ್ಲ?

ಮಾಡಬಹುದು, ಕೆಲಸ ಕಂಡಷ್ಟು ಚಿಕ್ಕದಲ್ಲ. ಬಹಳಷ್ಟು ಡಿಫರೆನ್ಷಿಯಲ್‌ಗಳಲ್ಲಿ ಪಿನಿಯನ್ ನಟ್ಟಿನ ಬಿಗಿತದಿಂದಲೇ ಒಳಗಿನ ಕ್ರಷ್ ಸ್ಲೀವ್ ಎಂಬ ತೆಳು ಕೊಳವೆ ಸುಕ್ಕಾಗಿ ಬೇರಿಂಗಿನ ಪ್ರಿಲೋಡ್ (ಮೊದಲೇ ಕೊಟ್ಟ ಬಿಗಿ) ನಿಂತಿರುತ್ತದೆ. ಏರ್ ಗನ್ನಿನಲ್ಲಿ ನಟ್ ಏರಿಸಿದರೆ ಸ್ಲೀವ್ ಮತ್ತಷ್ಟು ಕುಸಿದು ಬೇರಿಂಗ್ ಸುಡುತ್ತದೆ. ಬಿಚ್ಚುವ ಮೊದಲು ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕೆಂದು ಇಂಚ್-ಪೌಂಡ್ ವ್ರೆಂಚಿನಲ್ಲಿ ಬರೆದಿಟ್ಟುಕೊಳ್ಳುವವರು ಮಾತ್ರ ಇದಕ್ಕೆ ಕೈ ಹಾಕಲಿ. ಉಳಿದವರಿಗೆ ಕಾಂಬಿನೇಷನ್ ಜಾಯಿಂಟೇ ಸರಿ.

ಓವರ್‌ಡ್ರೈವ್ (700ಆರ್4ರ ನಾಲ್ಕನೇ ಗೇರ್) ಬಂತಲ್ಲ, ಇನ್ನು ಶಾಫ್ಟ್ ನಿಧಾನವಾಗಿ ತಿರುಗುತ್ತದೆ ತಾನೇ?

ಇಲ್ಲ. ನಿಧಾನವಾಗುವುದು ಎಂಜಿನ್ ಮಾತ್ರ. ಶಾಫ್ಟ್ ಇರುವುದು ಗೇರ್‌ಬಾಕ್ಸಿನ ಆಚೆ, ಅದರ ವೇಗ ತೀರ್ಮಾನವಾಗುವುದು ಟೈರು ಮತ್ತು ಡಿಫರೆನ್ಷಿಯಲ್ ಅನುಪಾತದಿಂದ. 28 ಇಂಚಿನ ಟೈರ್, 3.73 ಅನುಪಾತ, ಗಂಟೆಗೆ 70 ಮೈಲಿ ಎಂದರೆ ಶಾಫ್ಟ್ ನಿಮಿಷಕ್ಕೆ ಸುಮಾರು 3,130 ಸುತ್ತು ತಿರುಗುತ್ತದೆ. 0.70ರ ಓವರ್‌ಡ್ರೈವಿನಲ್ಲಿ ಎಂಜಿನ್ ಸುಮಾರು 2,190ಕ್ಕೆ ಇಳಿದಿರುತ್ತದೆ. ಎಂಜಿನ್ ಸದ್ದು ಕಡಿಮೆಯಾಗಿ ನಿಮ್ಮ ಕಾಲು ಮತ್ತಷ್ಟು ಒತ್ತುತ್ತದೆ, ಓವರ್‌ಡ್ರೈವ್ ಇದೆಯಲ್ಲ ಎಂದು ಡಿಫರೆನ್ಷಿಯಲ್ಲನ್ನು 4.11 ಮಾಡಿಸಿದವರೂ ಇದ್ದಾರೆ. ಆಗ ಹಿಂದೆಂದೂ ತಿರುಗದ ವೇಗಕ್ಕೆ ಹಳೆಯ ಶಾಫ್ಟ್ ಹೋಗುತ್ತದೆ.

ನನ್ನದು ಉದ್ದ ತೊಟ್ಟಿಯ ಟ್ರಕ್. ಎರಡು ತುಂಡಿನ ಶಾಫ್ಟ್, ಅವುಗಳ ನಡುವಿನ ಸೆಂಟರ್ ಬೇರಿಂಗ್ ತೆಗೆದು ಒಂದೇ ಉದ್ದ ಶಾಫ್ಟ್ ಹಾಕಿದರೆ?

ಮೇಲಿನ ಲೆಕ್ಕ ಬೇಕಾಗುವುದು ಇಲ್ಲೇ. 1967ರಿಂದ 72ರ ಗಿಡ್ಡ ಸಿ10ರ ಗಾಲಿಯಂತರ (ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ) 115 ಇಂಚು, ಉದ್ದದ್ದಕ್ಕೆ 127. ಉದ್ದವಾದ ಕೊಳವೆ ಒಂದು ವೇಗ ತಲುಪಿದಾಗ ಹಗ್ಗದಾಟದ ಹಗ್ಗದಂತೆ ನಡುವೆ ಉಬ್ಬುತ್ತದೆ. ಅದಕ್ಕೆ ಕ್ರಿಟಿಕಲ್ ಸ್ಪೀಡ್ ಎನ್ನುತ್ತಾರೆ. 3 ಇಂಚು ವ್ಯಾಸದ ಉಕ್ಕಿನ ಕೊಳವೆ 60 ಇಂಚು ಉದ್ದವಿದ್ದರೆ ಲೆಕ್ಕದ ಪ್ರಕಾರ ಆ ವೇಗ ಸುಮಾರು 5,400 ಸುತ್ತು. ಉದ್ದ 70 ಇಂಚಾದರೆ 4,000ಕ್ಕೆ ಕುಸಿಯುತ್ತದೆ, ಯಾಕೆಂದರೆ ಅದು ಉದ್ದದ ವರ್ಗಕ್ಕೆ ವಿಲೋಮ. ಲೆಕ್ಕದ ಮುಕ್ಕಾಲು ಪಾಲಿನೊಳಗೆ ಇರುವುದು ಜಾಣತನ, ಅಂದರೆ 3,000. ನೀವು 70 ಮೈಲಿಗೇ 3,130ರಲ್ಲಿದ್ದೀರಿ.

ಅಲ್ಯುಮಿನಿಯಂ ಹಾಕಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಒಂದೇ ವ್ಯಾಸದ ಅಲ್ಯುಮಿನಿಯಂಗೂ ಉಕ್ಕಿಗೂ ಕ್ರಿಟಿಕಲ್ ಸ್ಪೀಡ್ ಹೆಚ್ಚುಕಡಿಮೆ ಒಂದೇ: ಹಗುರ ಎಷ್ಟೋ, ಮೆತ್ತಗೂ ಅಷ್ಟೇ. ಲಾಭ ಬರುವುದು ಅದನ್ನು 4 ಇಂಚು ದಪ್ಪ ಮಾಡಿಯೂ ತೂಕ ಹಿಡಿತದಲ್ಲಿ ಇಡಬಹುದು ಎಂಬುದರಿಂದ. ಆ ದಪ್ಪದ ಕೊಳವೆಗೆ ಫ್ರೇಮಿನ ನಡುವೆ ಜಾಗ ಇದೆಯೇ ನೋಡಿ. ನನ್ನ ಸಲಹೆ ಕೇಳಿದರೆ, ಸೆಂಟರ್ ಬೇರಿಂಗ್ ಹೊಸದು ಹಾಕಿ, ಮುಂದಿನ ತುಂಡನ್ನು ಮಾತ್ರ ಗಿಡ್ಡ ಮಾಡಿಸಿ. ಹಿಂದಿನ ತುಂಡು ಮುಟ್ಟುವುದೇ ಬೇಡ.

ಎಲ್ಲ ಮುಗಿಸಿ ಓಡಿಸಿದೆ, ನಡುಗುತ್ತಿದೆ. ಎಲ್ಲಿ ಹುಡುಕಲಿ?

ಯಾವಾಗ ನಡುಗುತ್ತದೆ ನೋಡಿ. ವೇಗ ಏರಿದಂತೆ ಏರುತ್ತಾ, ಗೇರ್ ಯಾವುದಿದ್ದರೂ ಅದೇ ವೇಗಕ್ಕೆ ಬಂದರೆ ಶಾಫ್ಟ್ ಅಥವಾ ಟೈರ್. ಶಾಫ್ಟ್ ಟೈರಿಗಿಂತ ಮೂರು ನಾಲ್ಕು ಪಟ್ಟು ವೇಗ ತಿರುಗುವುದರಿಂದ ಅದರ ನಡುಕ ಸಣ್ಣಗೆ, ಸೀಟಿನಲ್ಲಿ ಗುಂಯ್ ಎನ್ನುವ ಹಾಗಿರುತ್ತದೆ. ಟೈರಿನದು ಎತ್ತಿನಗಾಡಿಯ ಲಯ. ಶಾಫ್ಟಿನ ಒಂದು ಸುತ್ತಿಗೆ ಒಂದು ಏಟಾದರೆ ಬ್ಯಾಲೆನ್ಸ್ ತಪ್ಪಿದೆ, ಒಂದು ಸುತ್ತಿಗೆ ಎರಡಾದರೆ ಕೋನ ತಪ್ಪಿದೆ. 70 ಮೈಲಿಯಲ್ಲಿ ಮೊದಲನೆಯದು ಸೆಕೆಂಡಿಗೆ 52, ಎರಡನೆಯದು 104. ಕಂಪನ ಅಳೆಯುವ ಆ್ಯಪ್ ಫೋನಿನಲ್ಲಿದ್ದರೆ ಸೀಟಿನ ಮೇಲಿಟ್ಟು ನೋಡಬಹುದು, ಪಕ್ಕದಲ್ಲಿ ಕೂತವರು ನೋಡಲಿ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗಿ, ಬಿಟ್ಟಾಗ ನಿಂತರೆ ಪಿನಿಯನ್ ಕೋನ. ನಿಧಾನಕ್ಕೆ ಹೋಗುವಾಗ ಗುಬ್ಬಿಮರಿ ಚಿಂವ್ ಚಿಂವ್ ಎಂದಂತೆ ಕೇಳಿದರೆ ಒಣಗಿದ ಕ್ರಾಸ್. ರಿವರ್ಸಿನಿಂದ ಡ್ರೈವಿಗೆ ಹಾಕಿದಾಗ ‘ಠಣ್’ ಎಂದರೆ ಸವೆದ ಕ್ರಾಸ್, ಅಥವಾ ಬಿಗಿಯದ ಬೋಲ್ಟ್.

ಪಿನಿಯನ್ ಕಡೆಯ ಯು-ಬೋಲ್ಟ್ ಎಷ್ಟು ಬಿಗಿಯಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. 1310 ಮತ್ತು 1330ಕ್ಕೆ 14ರಿಂದ 17 ಫುಟ್-ಪೌಂಡ್, 1350ಕ್ಕೆ 20ರಿಂದ 24. ಗಾಲಿ ನಟ್ಟಿನಂತೆ ಬಿಗಿದರೆ ಕಪ್ ಮೊಟ್ಟೆಯಾಕಾರ ಆಗಿ ಸೂಜಿಗಳು ಸಿಕ್ಕಿಕೊಳ್ಳುತ್ತವೆ. ಹೊಸ ಜಾಯಿಂಟಿಗೆ ಹೊಸ ಬೋಲ್ಟೇ ಹಾಕಿ, ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬಿಗಿಯಿರಿ.

ಊರಿನಲ್ಲಿ ನಮ್ಮ ತೋಟದ ಹಳೇ ಜೀಪಿಗೂ ಇದೇ ಲೆಕ್ಕ ನಡೆಯುತ್ತದೆಯೇ?

ಫೇಸಿಂಗ್, ಕೋನ, ಜಾರುವ ಬಿಡುವು, ಸೂಜಿ ಬೀಳುವುದು, ಎಲ್ಲ ಅದೇ. ಜೀಪಿನ ಹಿಂದಿನ ಶಾಫ್ಟ್ ಬಹಳ ಗಿಡ್ಡ. ಹಾಗಾಗಿ ಉಬ್ಬುವ ಭಯ ಇಲ್ಲ, ಕೋನದ ಕಾಟ ಹೆಚ್ಚು. ಸ್ಪ್ರಿಂಗಿಗೆ ಪಟ್ಟಿ ಸೇರಿಸಿ ಎತ್ತರ ಮಾಡಿದ ಮಲೆನಾಡಿನ ಜೀಪುಗಳ ಕ್ರಾಸ್ ಬೇಗ ಬೇಗ ಹೋಗುವುದು ಇದರಿಂದಲೇ.

ಹಾಕಿದ ಮೇಲೆ ಯಾವಾಗ ಮತ್ತೆ ನೋಡಬೇಕು?

ಮೊದಲ ದಿನ ಊರೊಳಗೆ ಹತ್ತು ಮೈಲಿ ಓಡಿಸಿ ಬಂದು ಕಪ್ಪುಗಳನ್ನು ಮುಟ್ಟಿ ನೋಡಿ. ನಾಲ್ಕೂ ಒಂದೇ ಬಿಸಿಯಿರಬೇಕು, ಒಂದು ಮಾತ್ರ ಕೈಸುಡುತ್ತಿದ್ದರೆ ಆ ಕಪ್ಪಿನಲ್ಲಿ ಏನೋ ಸಿಕ್ಕಿಕೊಂಡಿದೆ. ಯೋಕಿನ ಕೊಳವೆಯ ಮೇಲೆ ಎಣ್ಣೆ ಒರೆಸಿ ಮಾರ್ಕರಿನಿಂದ ಒಂದು ಗೆರೆ ಬರೆಯಿರಿ. ಮರುದಿನ ಆ ಗೆರೆ ಎಲ್ಲಿಯವರೆಗೆ ಅಳಿಸಿದೆ ಎಂಬುದರಿಂದ ಯೋಕ್ ಎಷ್ಟು ಒಳಗೆ ಹೋಗಿ ಬರುತ್ತಿದೆ ಎಂದು ತಿಳಿಯುತ್ತದೆ. ಐನೂರು ಮೈಲಿಗೆ ಯು-ಬೋಲ್ಟ್ ಟಾರ್ಕ್ ಮತ್ತೆ ನೋಡಿ. ಗ್ರೀಸ್ ನಿಪ್ಪಲ್ ಇರುವ ಕ್ರಾಸ್ ಆದರೆ ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ನಾಲ್ಕೂ ಸೀಲಿನಿಂದ ಹಳೇ ಗ್ರೀಸ್ ಇಣುಕುವವರೆಗೆ ಗನ್ ಒತ್ತಿ. ಮೂರರಿಂದ ಮಾತ್ರ ಬಂದು ನಾಲ್ಕನೆಯದರಿಂದ ಬರದಿದ್ದರೆ ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿ ನೋಡಿ. ಆಗಲೂ ಬರದಿದ್ದರೆ ಆ ಕ್ರಾಸ್ ಬಿಚ್ಚುವುದೇ.